ವೀಸಾ ಬೇಡ, ಪಾಸ್‌ಪೋರ್ಟ್ ಬೇಡ, ಆದ್ರೂ ನೇಪಾಳದವರಿಗೆ ನಮ್ಮ ಮೇಲೆ ಯಾಕಿಷ್ಟು ಮುನಿಸು?

ಬಸವನಗುಡಿ ಬೆಣ್ಣೆದೋಸೆ

ಹೋದ ತಿಂಗಳು ಅಪ್ಪ ಅಮ್ಮನನ್ನು ಪಶುಪತಿನಾಥ, ಮುಕ್ತಿನಾಥಕ್ಕೆ ಕರ್ಕೊಂಡು ಹೋಗಿದ್ದೆ. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸೋನೌಲಿ ಗಡಿ. ಒಂದು ಕಮಾನು ದಾಟಿದೆವು, ಬೇರೆ ದೇಶ ಬಂತು. ಅಮ್ಮ "ಇನ್ನೂ ನೇಪಾಳ ಬರ್ಲಿಲ್ವೇನೋ?" ಅಂತ ಕೇಳ್ತಾನೇ ಇದ್ದರು. ಅಷ್ಟೊತ್ತಿಗೆ ನಾವು ಅರ್ಧ ಕಿಲೋಮೀಟರ್ ಒಳಗಿದ್ದೆವು.

ಕಠ್ಮಂಡುವಿನಲ್ಲಿ ಸಿಕ್ಕ ಟ್ಯಾಕ್ಸಿಯವನು ಒಳ್ಳೆ ಮನುಷ್ಯ. ಹಿಂದಿ ಚೆನ್ನಾಗಿ ಬರುತ್ತೆ, ನಮ್ಮ ಕ್ರಿಕೆಟಿಗರ ಜಾತಕವೆಲ್ಲ ಬಾಯಿಪಾಠ. ಒಂದು ಪೆಟ್ರೋಲ್ ಬಂಕ್ ಮುಂದೆ ಹೋಗುವಾಗ ಇದ್ದಕ್ಕಿದ್ದ ಹಾಗೆ, "72ರ ನಾಕಾಬಂದಿಯಲ್ಲಿ ಇಲ್ಲಿ ಮೂರು ದಿನ ಕ್ಯೂ ನಿಂತಿದ್ದೆ. ನೀವು ನಮಗೆ ಹಾಗೆ ಮಾಡಬಾರದಿತ್ತು" ಅಂದ. ಅವನಿಗೆ ಹೆಚ್ಚೆಂದರೆ 35 ವಯಸ್ಸು. 1972ರಲ್ಲಿ ಇವನು ಹುಟ್ಟೇ ಇರಲಿಲ್ವಲ್ಲ ಅಂತ ತಲೆ ಕೆರ್ಕೊಂಡೆ. ರೂಮಿಗೆ ಬಂದು ನೋಡಿದರೆ ಅದು ಅವರ ವಿಕ್ರಮ ಸಂವತ್ 2072. ನಮ್ಮ ಲೆಕ್ಕದಲ್ಲಿ 2015, ಭಾರತದಿಂದ ಹೋಗೋ ಲಾರಿಗಳು ಗಡಿಯಲ್ಲೇ ನಿಂತುಹೋದ ವರ್ಷ.

ನನ್ನ ಪ್ರಶ್ನೆ ಇಷ್ಟೇ. ಗಡಿ ತೆರೆದಿದೆ, ಅವರು ಇಲ್ಲಿ ಬಂದು ಕೆಲಸ ಮಾಡ್ತಾರೆ, ಭೂಕಂಪ ಆದಾಗ ಮೊದಲು ಓಡಿದ್ದು ನಾವು. ಆದರೂ "ನೀವು ನಮಗೆ ಹಾಗೆ ಮಾಡಬಾರದಿತ್ತು" ಅನ್ನೋ ಮಾತು ಯಾಕೆ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ವಾಟ್ಸಾಪ್ ಫಾರ್ವರ್ಡ್ ಬೇಡ ದಯವಿಟ್ಟು.

ಮಂಡ್ಯ ಮಂಜ

ಚೀನಾ ದುಡ್ಡು ಗುರು. ಇನ್ನೇನಿಲ್ಲ.

ಸುಮ್ನೆ ಒಬ್ಬ

ವಾಟ್ಸಾಪ್ ಫಾರ್ವರ್ಡ್ ಬೇಡ ಅಂದ ಮೇಲೆ ಮೊದಲ ಉತ್ತರವೇ ಅದು 😀

ಕಠ್ಮಂಡು ಅಕ್ಕ

ನಾನು ಶಿವಮೊಗ್ಗದವಳು. ಯಜಮಾನರ ಕೆಲಸದ ಮೇಲೆ ಕಠ್ಮಂಡುವಿನಲ್ಲಿ ಐದು ವರ್ಷ ಇದ್ದೆವು. ಭೂಕಂಪಕ್ಕೂ ಇದ್ದೆವು, ನಾಕಾಬಂದಿಗೂ ಇದ್ದೆವು. ಆ ಟ್ಯಾಕ್ಸಿಯವನ ಮಾತು ನನಗೆ ಚೆನ್ನಾಗಿ ಅರ್ಥ ಆಗುತ್ತೆ.

2015ರ ಏಪ್ರಿಲ್ 25, ಶನಿವಾರ, ಮಧ್ಯಾಹ್ನದ ಹೊತ್ತಿಗೆ ಭೂಕಂಪ. 7.8 ತೀವ್ರತೆ. ಹತ್ತಿರ ಹತ್ತಿರ 9 ಸಾವಿರ ಜನ ಹೋದರು. ಅವತ್ತೇ ಭಾರತದ ವಿಮಾನ ಬಂತು, ನಿಜ. ಜನ ಹೊಗಳಿದ್ದೂ ನಿಜ. ಆದರೆ ನಮ್ಮ ಟಿವಿಯವರು ಮೈಕ್ ಹಿಡಿದು, ಮನೆ ಕಳಕೊಂಡವರ ಮುಖಕ್ಕೇ ಹಿಡಿದು "ಹೇಗನಿಸ್ತಿದೆ?" ಅಂತ ಕೇಳೋಕೆ ಶುರು ಮಾಡಿದರು. ಎರಡೇ ವಾರದಲ್ಲಿ ಟ್ವಿಟರ್ ತುಂಬ "ಭಾರತದ ಮಾಧ್ಯಮದವರೇ ಮನೆಗೆ ಹೋಗಿ" ಅಂತ ಬಂತು. ಕೊಟ್ಟ ಕೈಗಿಂತ ಕೊಟ್ಟಿದ್ದನ್ನು ಸಾರಿದ ಬಾಯಿ ಜಾಸ್ತಿ ನೆನಪಿರುತ್ತೆ ನೋಡಿ.

ಆಮೇಲೆ ಸೆಪ್ಟೆಂಬರ್ 20ಕ್ಕೆ ಅವರ ಹೊಸ ಸಂವಿಧಾನ ಬಂತು. ತರಾಯಿ, ಅಂದರೆ ನಮ್ಮ ಗಡಿಗೆ ತಾಗಿದ ಬಯಲಿನಲ್ಲಿರೋ ಮಧೇಶಿಗಳು, ಥಾರೂಗಳು ತಮಗೆ ಅನ್ಯಾಯ ಆಗಿದೆ ಅಂತ ಬೀದಿಗಿಳಿದರು. ಕೆಲವೇ ದಿನದಲ್ಲಿ ಗಡಿಯಲ್ಲಿ ಲಾರಿ ನಿಂತವು. ಐದು ತಿಂಗಳು ಹತ್ತಿರ ಹತ್ತಿರ. ಗ್ಯಾಸ್ ಸಿಲಿಂಡರ್ ಅರ್ಧ ತುಂಬಿಸಿ ಕೊಡ್ತಿದ್ದರು. ರಸ್ತೆ ಬದಿಯಲ್ಲಿ ಖಾಲಿ ಸಿಲಿಂಡರ್‌ಗಳಿಗೆ ಸರಪಳಿ ಹಾಕಿ ಬೀಗ ಜಡಿದು ಸಾಲಾಗಿ ಇಡ್ತಿದ್ದರು, ಅದೇ ಕ್ಯೂ. ನಾನು ಇಂಡಕ್ಷನ್ ಒಲೆ ತಂದೆ, ಆದರೆ ಕರೆಂಟ್ ಇರ್ತಿರಲಿಲ್ಲ. ಮೇಲಿನ ಮಹಡಿಯ ಅಜ್ಜಿ ಟೆರೇಸ್ ಮೇಲೆ ಇಟ್ಟಿಗೆ ಒಲೆ ಹೂಡಿದರು. ಸೌದೆ ಯಾವುದು ಗೊತ್ತಾ? ಭೂಕಂಪದಲ್ಲಿ ಬಿದ್ದ ಮನೆಯ ಕಿಟಕಿ ಚೌಕಟ್ಟು. ನನ್ನ ಕುಕ್ಕರೂ ಅದರ ಮೇಲೇ ಕೂಗ್ತಿತ್ತು. ಅಜ್ಜಿ ನನ್ನನ್ನು ಒಂದು ದಿನವೂ ಬೈಲಿಲ್ಲ. "ನೀನೇನು ಮಾಡ್ತೀಯ ನಾನಿ" ಅಂತಿದ್ದರು, ನಾನಿ ಅಂದರೆ ಮಗು. ಅದು ಬೈದಿದ್ದಕ್ಕಿಂತ ಜಾಸ್ತಿ ಚುಚ್ತಿತ್ತು.

ಬಸವನಗುಡಿ ಬೆಣ್ಣೆದೋಸೆ

ಅಕ್ಕಾ, ಕಿಟಕಿ ಚೌಕಟ್ಟು ಅಂತ ಓದಿ ಸುಮ್ಮನಾಗಿಬಿಟ್ಟೆ.

ರಕ್ಸೌಲ್ ರಿಟರ್ನ್

ಒಂದು ನಿಮಿಷ. ಇಲ್ಲಿ ಒಂದೇ ಕಡೆ ಮಾತು ಆಗ್ತಿದೆ. ನಾನು ಆಗ ಸಾಗಣೆ ಕಂಪನಿಯೊಂದರಲ್ಲಿ ಇದ್ದೆ, ನಮ್ಮ ಲಾರಿಗಳು ಬಿಹಾರದ ಗಡಿ ಊರು ರಕ್ಸೌಲ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ದವು. ರಕ್ಸೌಲ್ ಮತ್ತು ನೇಪಾಳದ ವೀರಗಂಜ್ ನಡುವಿನ ಮೈತ್ರಿ ಸೇತುವೆ ಮೇಲೆ ಕೂತಿದ್ದು ಮಧೇಶಿ ಹೋರಾಟಗಾರರು. ಕೂತಿದ್ದು ಅವರದೇ ಪ್ರಜೆಗಳು. ಅದಕ್ಕೂ ಮೊದಲು ತರಾಯಿಯ ಗಲಾಟೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಯಾವ ಡ್ರೈವರ್ ಕಲ್ಲೇಟಿನ ನಡುವೆ ಪೆಟ್ರೋಲ್ ಟ್ಯಾಂಕರ್ ಓಡಿಸ್ತಾನೆ? ದೆಹಲಿ ಮೊದಲಿಂದಲೂ ಹೇಳಿದ್ದು ಅದೇ, ನಾವು ತಡೆದಿಲ್ಲ, ನಿಮ್ಮ ಕಡೆ ದಾರಿ ಸರಿ ಇಲ್ಲ ಅಂತ.

ಕಠ್ಮಂಡು ಅಕ್ಕ

ಸೇತುವೆ ಮೇಲೆ ಕೂತಿದ್ದು ಅವರೇ, ಒಪ್ಪಿದೆ. ಆದರೆ ಗಲಾಟೆ ಇಲ್ಲದ ನಾಕಾಗಳಲ್ಲೂ, ಅಂದರೆ ಗಡಿ ದಾಟೋ ಜಾಗಗಳಲ್ಲೂ, ಲಾರಿ ತೆವಳ್ತಿದ್ದಿದ್ದು ಯಾಕಣ್ಣಾ? ಸೋನೌಲಿ ಪಕ್ಕದ ಭೈರಹವಾದಲ್ಲಿ ಯಾರೂ ಸೇತುವೆ ಮೇಲೆ ಕೂತಿರಲಿಲ್ಲ. ಸಂವಿಧಾನ ಘೋಷಣೆಗೆ ಎರಡು ದಿನ ಮುಂಚೆ ನಮ್ಮ ವಿದೇಶಾಂಗ ಕಾರ್ಯದರ್ಶಿ ಜೈಶಂಕರ್ ಅಲ್ಲಿಗೆ ಹೋಗಿ ಬಂದರು. ಅವರು ಕೇಳಲಿಲ್ಲ. ಅದಾಗಿ ಕೆಲವೇ ದಿನಕ್ಕೆ ಲಾರಿ ನಿಂತವು. ಅಲ್ಲಿಯ ಮಕ್ಕಳೂ ಒಂದಕ್ಕೊಂದು ಕೂಡಿಸಿ ನೋಡ್ತಾರೆ.

ರಕ್ಸೌಲ್ ರಿಟರ್ನ್

ಬೇರೆ ನಾಕಾಗಳ ವಿಷಯದಲ್ಲಿ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಲಾರಿ ರಕ್ಸೌಲ್‌ನಲ್ಲಿತ್ತು, ನಾನು ಕಂಡಿದ್ದು ಹೇಳಿದೆ.

ಇತಿಹಾಸದ ಹುಳ

ಎಲ್ಲರೂ 2015 ಹಿಡಕೊಂಡು ಕೂತಿದ್ದೀರಿ. ಅವರ ಮನೆಯ ಹಿರಿಯರನ್ನು ಕೇಳಿ, 1989 ಅಂತಾರೆ. ಆಗ ಇದಕ್ಕಿಂತ ನೇರವಾಗಿ ಆಗಿತ್ತು. ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳು ಆ ವರ್ಷ ಮಾರ್ಚ್ 23ಕ್ಕೆ ಮುಗಿದವು. ಎರಡೂ ಸೇರಿಸಿ ಒಂದೇ ಒಪ್ಪಂದ ಮಾಡೋಣ ಅಂತ ನಾವು, ಬೇರೆ ಬೇರೆಯೇ ಇರಲಿ ಅಂತ ಅವರು. ಇದರ ಹಿಂದೆ ಇದ್ದ ನಿಜವಾದ ಸಿಟ್ಟು ಬೇರೆ. ರಾಜ ಬೀರೇಂದ್ರ ಚೀನಾದಿಂದ ವಿಮಾನ ಹೊಡೆಯುವ ತೋಪು ತರಿಸಿದ್ದರು. ಅಲ್ಲಿ ದುಡಿಯುವ ಭಾರತೀಯರಿಗೆ ಕೆಲಸದ ಪರವಾನಗಿ ಬೇಕು ಅಂತ ನಿಯಮ ತಂದಿದ್ದರು. ರಾಜೀವ್ ಗಾಂಧಿ ಸರ್ಕಾರ ಎರಡು ನಾಕಾ ಬಿಟ್ಟು ಉಳಿದಿದ್ದೆಲ್ಲ ಮುಚ್ಚಿತು. ಸೀಮೆಎಣ್ಣೆ ಇಲ್ಲದೆ ಜನ ಕಾಡು ಕಡಿದರು.

ಮುಂದಿನ ವರ್ಷ ಜನಾಂದೋಲನ ಎದ್ದು ಪಕ್ಷಗಳಿಗೆ ಜಾಗವೇ ಇಲ್ಲದ ರಾಜರ ಪಂಚಾಯತ್ ವ್ಯವಸ್ಥೆ ಬಿತ್ತು. ಬಹುಪಕ್ಷ ಬಂತು, ದೆಹಲಿಯಲ್ಲೂ ಸರ್ಕಾರ ಬದಲಾಗಿತ್ತು, ಗಡಿ ತೆರೆಯಿತು. ತಮಾಷೆ ಏನಂದರೆ ಪ್ರಜಾಪ್ರಭುತ್ವ ಬಂದಿದ್ದಕ್ಕೆ ಖುಷಿಪಟ್ಟವರೇ ಸೀಮೆಎಣ್ಣೆ ಕ್ಯೂವನ್ನೂ ಮರೆಯಲಿಲ್ಲ.

ಇನ್ನೂ ಹಿಂದೆ ಹೋದರೆ 1950ರ ಜುಲೈ 31ರ ಶಾಂತಿ ಮತ್ತು ಸ್ನೇಹ ಒಪ್ಪಂದ. ಈ ವೀಸಾ ಇಲ್ಲದ ಓಡಾಟ, ಅಲ್ಲಿಯವರು ಇಲ್ಲಿ ನೌಕರಿ ಮಾಡೋದು, ಆಸ್ತಿ ಕೊಳ್ಳೋದು, ಎಲ್ಲಕ್ಕೂ ಕಾಗದದ ಮೇಲಿನ ಬುಡ ಅದೇ. ಅವರ ಜಗಳವೂ ಅದರ ಮೇಲೇ.

ಮಂಡ್ಯ ಮಂಜ

ಇಷ್ಟೆಲ್ಲ ಸವಲತ್ತು ಕೊಟ್ಟಿರೋ ಒಪ್ಪಂದದ ಮೇಲೆ ಜಗಳ ಯಾಕೆ ಸ್ವಾಮಿ? ನೆಹರು ಸಹಿ ಹಾಕಿ ಎಲ್ಲ ಬಿಟ್ಟುಕೊಟ್ರು.

ಇತಿಹಾಸದ ಹುಳ

ನೆಹರು ಸಹಿ ಹಾಕಿಲ್ಲ ಮಂಜಣ್ಣ. ಜಗಳದ ಒಂದು ತುಂಡು ಅದೇ. ಅವರ ಕಡೆಯಿಂದ ಸಹಿ ಹಾಕಿದ್ದು ಪ್ರಧಾನಿ ಮೋಹನ ಶಂಶೇರ್ ಜಂಗ್ ಬಹಾದುರ್ ರಾಣಾ. ನಮ್ಮ ಕಡೆಯಿಂದ ರಾಯಭಾರಿ ಸಿ.ಪಿ.ಎನ್. ಸಿಂಗ್. ಮದುವೆ ಮಾತುಕತೆಗೆ ಅವರ ಮನೆ ಯಜಮಾನ ಬಂದು ಕೂತರೆ ನಮ್ಮ ಕಡೆಯಿಂದ ಗುಮಾಸ್ತ ಹೋದ ಹಾಗೆ ಅಂತ ಅವರಿಗೆ ಇವತ್ತಿಗೂ ಬೇಜಾರು. ಜೊತೆಗೆ, ಆ ರಾಣಾ ಆಗಲೇ ಕುರ್ಚಿ ಅಲ್ಲಾಡ್ತಿದ್ದ ಮನುಷ್ಯ. ಸಹಿ ಹಾಕಿ ಏಳು ತಿಂಗಳೊಳಗೆ ಅವರ ಮನೆತನದ 104 ವರ್ಷದ ಆಳ್ವಿಕೆ ಮುಗಿಯಿತು. ಹೋಗುವವನು ಬರೆದುಕೊಟ್ಟ ಪತ್ರ ನಮಗೇಕೆ ಕಟ್ಟು ಅಂತ ಅವರ ವಾದ.

ಒಂದು ವರ್ಷ ಮೊದಲೇ ನೋಟಿಸ್ ಕೊಟ್ಟು ಯಾರು ಬೇಕಾದರೂ ಹೊರಗೆ ಬರಬಹುದು, ಹತ್ತನೇ ಕಲಮಿನಲ್ಲೇ ಇದೆ. ಎಷ್ಟು ಸರ್ಕಾರ ಬಂದವು, ಎಷ್ಟು ಭಾಷಣ ಆದವು. ನೋಟಿಸ್ ಮಾತ್ರ ಯಾರೂ ಕೊಟ್ಟಿಲ್ಲ.

ಖಾರಾಮಂಡಕ್ಕಿ

ಬೈಕೊಂಡೇ ಒಂದೇ ಮನೇಲಿ ಇರೋ ಅತ್ತೆ ಸೊಸೆ ಥರ ಆಯ್ತು.

ಮಂಡ್ಯ ಮಂಜ

ಸರಿ, ಸಹಿ ವಿಷಯ ಬಿಡಿ. ರಾಜ ತ್ರಿಭುವನ ನೇಪಾಳವನ್ನೇ ಭಾರತಕ್ಕೆ ಸೇರಿಸಿ ಅಂದಾಗ ನೆಹರು ಬೇಡ ಅಂದಿದ್ದು ಸುಳ್ಳಾ?

ಇತಿಹಾಸದ ಹುಳ

ಪ್ರಣಬ್ ಮುಖರ್ಜಿ ತಮ್ಮ ನೆನಪುಗಳಲ್ಲಿ ಹಾಗೆ ಬರೆದಿದ್ದಾರೆ, ಅಷ್ಟು ನಿಜ. ಅದಕ್ಕೆ ಆ ಕಾಲದ ಕಾಗದ ಯಾರೂ ತೋರಿಸಿಲ್ಲ. ಬಾಯಿಮಾತಿನ ಮೇಲೆ ಒಂದು ದೇಶವನ್ನೇ ಬರೆಸಿಕೊಳ್ಳೋಕೆ ಆಗಲ್ಲ. ನೀವು ಇದನ್ನು ನೇಪಾಳಿ ಒಬ್ಬರ ಮುಂದೆ ಹೇಳಿ ನೋಡಿ, ಬೆಣ್ಣೆದೋಸೆಯವರ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತೆ.

ತ್ರಿಭುವನನ ಕತೆ ಅಂದರೆ ನಿಜವಾಗಿ ಚೆಂದ ಇರೋದು ಬೇರೆ. ರಾಣಾಗಳು ರಾಜನನ್ನು ಅರಮನೆಯಲ್ಲೇ ಹೆಚ್ಚುಕಮ್ಮಿ ಸೆರೆಯಲ್ಲಿ ಇಟ್ಟಿದ್ದರು. 1950ರ ನವೆಂಬರ್ 6ರಂದು ಮನೆಮಂದಿ ಎಲ್ಲ ವಿಹಾರಕ್ಕೆ ಅಂತ ಕಾರು ಹತ್ತಿದರು. ದಾರಿ ಮಧ್ಯೆ ಕಾರುಗಳು ಸರ್ರಂತ ಭಾರತದ ರಾಯಭಾರ ಕಚೇರಿಯ ಗೇಟಿನೊಳಗೆ ತಿರುಗಿದವು. ಮೂರು ವರ್ಷದ ಒಬ್ಬ ಮೊಮ್ಮಗ ಮಾತ್ರ ಹಿಂದೆ ಉಳಿದ. ರಾಣಾಗಳು ಆ ಮಗುವಿನ ತಲೆ ಮೇಲೇ ಕಿರೀಟ ಇಟ್ಟು, ಇವನೇ ರಾಜ ಅಂದರು. ದೆಹಲಿ ಒಪ್ಪಲಿಲ್ಲ. ಅಜ್ಜ ವಿಮಾನ ಹತ್ತಿ ದೆಹಲಿಗೆ ಬಂದ, ಮಾತುಕತೆ ಆಯ್ತು, ಫೆಬ್ರವರಿಯಲ್ಲಿ ವಾಪಸ್ ಹೋದ. ಮಗುವಿನ ಕಿರೀಟ ಹೋಯ್ತು. ಆ ಮಗು ಯಾರು ಗೊತ್ತಾ? ಜ್ಞಾನೇಂದ್ರ. 2001ರ ಜೂನ್ 1ರ ಅರಮನೆ ಕೊಲೆಗಳ ನಂತರ ಮತ್ತೆ ರಾಜನಾದ, 2008ರಲ್ಲಿ ಮತ್ತೆ ಕಿರೀಟ ಕಳಕೊಂಡ. ಎರಡು ಸಲ ಪಟ್ಟ, ಎರಡು ಸಲವೂ ಇಳಿಯುವ ಹೊತ್ತಿಗೆ ದೆಹಲಿಯ ನೆರಳು. ರಾಜನ ವಿರುದ್ಧ ಮಾವೋವಾದಿಗಳು ಮತ್ತು ಏಳು ಪಕ್ಷಗಳ 12 ಅಂಶದ ಒಪ್ಪಂದ ಆಗಿದ್ದು 2005ರ ನವೆಂಬರ್‌ನಲ್ಲಿ ದೆಹಲಿಯಲ್ಲೇ.

ಸುಮ್ನೆ ಒಬ್ಬ

ಇದನ್ನ ಸಿನಿಮಾ ಮಾಡಿದರೆ ಯಾರೂ ನಂಬಲ್ಲ.

ಕುಂದಾಪ್ರ ಮಾಣಿ

ಎಲ್ಲ ಸರಿ ಮಾರಾಯ್ರೆ, ಪಶುಪತಿನಾಥನ ಭಟ್ಟರ ವಿಷಯ ಯಾರೂ ಎತ್ತಲಿಲ್ಲವಲ್ಲ! ಕನ್ನಡದವರು ಮಾತಾಡುವ ಜಾಗದಲ್ಲಿ ಮೊದಲು ಬರಬೇಕಾದ್ದೇ ಅದು. ಗರ್ಭಗುಡಿಯೊಳಗೆ ಪೂಜೆ ಮಾಡುವವರು ನಮ್ಮ ಕರ್ನಾಟಕದಿಂದ ಹೋದ ಭಟ್ಟರು, ಕರಾವಳಿ ಕಡೆಯವರು ಜಾಸ್ತಿ. ಹಿರಿಯರನ್ನು ಮೂಲ ಭಟ್ಟ ಅಂತಾರೆ. ಶಂಕರಾಚಾರ್ಯರ ಕಾಲದಿಂದ ಅಂತ ಹೇಳಿಕೆ. ಅಷ್ಟು ಹಳೆಯದಲ್ಲ, ಮಲ್ಲ ರಾಜರ ಕಾಲದ್ದು ಅನ್ನುವವರೂ ಇದ್ದಾರೆ. ಹೊರಗಿನವರು ಯಾಕೆ ಅಂದರೆ, ಅಲ್ಲಿಯ ರಾಜ ತೀರಿಕೊಂಡರೆ ನಾಡಿಗೆಲ್ಲ ಸೂತಕ, ದೇವರ ಪೂಜೆ ನಿಲ್ಲಬಾರದಲ್ಲ, ಅದಕ್ಕೇ ದೂರದವರು ಅಂತ ಹೇಳುತ್ತಾರೆ.

2008ರ ಕೊನೆಯಲ್ಲಿ ಮಾವೋವಾದಿ ನಾಯಕ ಪ್ರಚಂಡರ ಸರ್ಕಾರ ಇವರ ಜಾಗಕ್ಕೆ ನೇಪಾಳಿ ಅರ್ಚಕರನ್ನು ಕೂರಿಸಿತು. ದೊಡ್ಡ ಗಲಾಟೆ. ಬೀದಿಗಿಳಿದವರಲ್ಲಿ ದೇವಸ್ಥಾನದ ಭಂಡಾರಿಗಳು, ಅಂದರೆ ನೇಪಾಳಿಗಳೇ ಇದ್ದರು. ಸುಪ್ರೀಂ ಕೋರ್ಟೂ ತಡೆ ಕೊಟ್ಟಿತು. ಕೆಲವೇ ವಾರದಲ್ಲಿ ಸರ್ಕಾರ ಹಿಂದೆ ಸರಿಯಿತು. ಆಮೇಲೆ 2009ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಹೋದ ಇಬ್ಬರು ಭಟ್ಟರಿಗೆ ದೇವಸ್ಥಾನದ ಆವರಣದಲ್ಲೇ ಹೊಡೆದರು. ಆಗ ನಮ್ಮ ವಿದೇಶಾಂಗ ಸಚಿವರು ಯಾರು? ಮದ್ದೂರಿನ ಎಸ್.ಎಂ. ಕೃಷ್ಣ.

ಮಂಡ್ಯ ಮಂಜ

ನಮ್ಮೂರ ಹೆಸರು ಬಂತು, ಈಗ ಚರ್ಚೆ ಸರಿದಾರಿಗೆ ಬಂತು ನೋಡಿ 😎

ಬಸವನಗುಡಿ ಬೆಣ್ಣೆದೋಸೆ

ಅಯ್ಯೋ, ನಾವು ಅಲ್ಲಿ ಹೋದಾಗ ಅಪ್ಪ ಧೈರ್ಯ ಮಾಡಿ ಒಬ್ಬ ಭಟ್ಟರಿಗೆ "ಊಟ ಆಯ್ತಾ?" ಅಂದರು. ಅವರು ಒಂದು ಕ್ಷಣ ನಿಂತು, ನಕ್ಕು, "ಇಲ್ಲಿ ಊಟ ಸಂಜೆ ಹೊತ್ತಿಗೆ" ಅಂದು ಒಳಗೆ ಹೋದರು. ಅಮ್ಮ ಇಡೀ ಪ್ರವಾಸದಲ್ಲಿ ಹೇಳ್ತಿರೋದು ಅದೊಂದೇ ಕತೆ.

ಇತಿಹಾಸದ ಹುಳ

ಕನ್ನಡದ ನಂಟು ಅಂದ್ರೆ ಇನ್ನೂ ಹಳೆಯದು ಇದೆ. ನಾನ್ಯದೇವ ಅಂತ ಒಬ್ಬ, 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಆ ವಂಶದ ಹೆಸರೇ ಕರ್ಣಾಟ ವಂಶ. ಕಲ್ಯಾಣ ಚಾಲುಕ್ಯರ ದಂಡಿನ ಜೊತೆ ಉತ್ತರಕ್ಕೆ ಹೋದವರ ಪೈಕಿ ಅಂತ ಇತಿಹಾಸಕಾರರ ಊಹೆ. ರಾಜಧಾನಿ ಸಿಮ್ರೌನ್‌ಗಢ, ಈಗ ಅದು ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಘಿಯಾಸುದ್ದೀನ್ ತುಘಲಕ್ ಬಂದು ಹಾಳು ಮಾಡುವ ತನಕ, ಇನ್ನೂರು ವರ್ಷಕ್ಕೂ ಜಾಸ್ತಿ ಆಳಿದರು.

ರಕ್ಸೌಲ್ ರಿಟರ್ನ್

ಸಿಮ್ರೌನ್‌ಗಢ ಗಡಿಗೆ ತಾಗಿಕೊಂಡೇ ಇದೆ. ಹಳೇ ಕೋಟೆ ದಿಬ್ಬ ಅಂತ ಒಬ್ಬ ಡ್ರೈವರ್ ತೋರಿಸಿದ್ದ. ನಮ್ಮವರು ಅಂತ ಗೊತ್ತಿದ್ದರೆ ಇಳಿದು ನೋಡ್ತಿದ್ದೆ!

ಖಾರಾಮಂಡಕ್ಕಿ

ಇನ್ನು ಅದೂ ನಮ್ದೇ ಅಂತ ಯಾರಾದ್ರೂ ನಕ್ಷೆ ಬಿಡ್ತಾರೆ ನೋಡಿ.

ಹಳೇ ಫೌಜಿ

ನಕ್ಷೆ ಅಂದಿರಿ, ಅದಕ್ಕೇ ಬಂದೆ. ಉತ್ತರಾಖಂಡದ ಪಿಥೋರಾಗಢ ಕಡೆ ಎರಡು ವರ್ಷ ಇದ್ದೆ. 1816ರ ಸುಗೌಲಿ ಒಪ್ಪಂದದಲ್ಲಿ ಬ್ರಿಟಿಷರು ಕಾಳಿ ನದಿಯೇ ಗಡಿ ಅಂದರು. ಕಾಳಿ ಎಲ್ಲಿ ಹುಟ್ಟುತ್ತೆ ಅನ್ನೋದೇ ಜಗಳ. ಮೇಲಿಂದ ಎರಡು ನೀರು ಬಂದು ಸೇರುತ್ತವೆ. ಲಿಂಪಿಯಾಧುರಾದಿಂದ ಬರೋ ದೊಡ್ಡ ಹೊಳೆಯೇ ಕಾಳಿ ಅಂತ ಅವರು. ಅದು ಕುಟಿ ಯಾಂಕ್ತಿ, ಕಾಳಾಪಾನಿ ಹತ್ತಿರದ ಬುಗ್ಗೆಯ ನೀರೇ ಕಾಳಿ ಅಂತ ನಾವು. ಎರಡರ ನಡುವೆ ಬರೋ ನೆಲದಲ್ಲಿ ಲಿಪುಲೇಖ್ ಕಣಿವೆ ದಾರಿ ಇದೆ, ಕೈಲಾಸ ಮಾನಸ ಸರೋವರದ ಯಾತ್ರೆಗೆ ಅದೂ ಒಂದು ಹಾದಿ. ನಮ್ಮ ಕಾವಲು ಠಾಣೆ ಅಲ್ಲಿ ಅರವತ್ತರ ದಶಕದಿಂದ ಇದೆ.

2019ರ ನವೆಂಬರ್‌ನಲ್ಲಿ ನಾವು ಹೊಸ ನಕ್ಷೆ ತಂದೆವು. 2020ರ ಮೇ 8ಕ್ಕೆ ಆ ಕಡೆ ರಸ್ತೆ ಉದ್ಘಾಟನೆ ಮಾಡಿದೆವು. ಅದೇ ತಿಂಗಳು ಅವರು ತಮ್ಮ ನಕ್ಷೆ ತಂದರು, ಜೂನ್‌ನಲ್ಲಿ ಸಂಸತ್ತಿನಲ್ಲಿ ಸಂವಿಧಾನವನ್ನೇ ತಿದ್ದಿದರು. ನಮ್ಮ ಸೇನಾ ಮುಖ್ಯಸ್ಥ ನರವಣೆ, ಇವರು ಯಾರದ್ದೋ ಮಾತು ಕೇಳಿ ಹೀಗೆ ಮಾಡ್ತಿದ್ದಾರೆ ಅನ್ನೋ ಅರ್ಥದಲ್ಲಿ ಮಾತಾಡಿ ಬೆಂಕಿಗೆ ತುಪ್ಪ ಸುರಿದರು. ಸರಿ, ನವೆಂಬರ್‌ನಲ್ಲಿ ಏನಾಯ್ತು? ಅದೇ ನರವಣೆ ಕಠ್ಮಂಡುವಿಗೆ ಹೋಗಿ, ಅವರ ರಾಷ್ಟ್ರಪತಿ ಕೈಯಿಂದ ನೇಪಾಳ ಸೇನೆಯ ಗೌರವ ಜನರಲ್ ಪದವಿ ಪಡೆದು ಬಂದರು. ಅವರ ಮುಖ್ಯಸ್ಥರಿಗೆ ನಾವೂ ಕೊಡ್ತೇವೆ. 1950ರಿಂದ ನಡೆದು ಬಂದ ರೂಢಿ. ಬೇರೆ ಯಾವ ಎರಡು ದೇಶ ಹೀಗೆ ಮಾಡ್ತವೆ ಹೇಳಿ.

ಬಸವನಗುಡಿ ಬೆಣ್ಣೆದೋಸೆ

ಫೌಜಿ ಸಾರ್, ಗೂರ್ಖಾ ರೆಜಿಮೆಂಟ್‌ಗೆ ಈಗ ಅಲ್ಲಿಂದ ಹುಡುಗರು ಬರ್ತಿಲ್ಲ ಅಂತ ಕೇಳಿದೆ, ನಿಜವಾ?

ಹಳೇ ಫೌಜಿ

ನಿಜ. 1947ರ ನವೆಂಬರ್‌ನಲ್ಲಿ ಭಾರತ, ಬ್ರಿಟನ್, ನೇಪಾಳ ಮೂವರೂ ಕೂತು ಹತ್ತು ರೆಜಿಮೆಂಟ್ ಹಂಚಿಕೊಂಡರು. ಆರು ನಮಗೆ, ನಾಲ್ಕು ಬ್ರಿಟಿಷರಿಗೆ. ಆಮೇಲೆ ನಾವು ಏಳನೆಯದು ಎಬ್ಬಿಸಿದೆವು, 11ನೇ ಗೂರ್ಖಾ. 2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ ಕೆಲಸ, ನಾಲ್ಕರಲ್ಲಿ ಮೂವರು ಮನೆಗೆ, ಪಿಂಚಣಿ ಇಲ್ಲ. 1947ರ ಮಾತಿಗೆ ಇದು ಹೊಂದಲ್ಲ ಅಂತ ನೇಪಾಳ ಭರ್ತಿ ನಿಲ್ಲಿಸಿತು. ಹಳೆಯವರು ನಿವೃತ್ತರಾಗ್ತಿದ್ದಾರೆ, ಹೊಸಬರು ಬರ್ತಿಲ್ಲ.

ಪೋಖರಾ, ಧರಾನ್‌ನಲ್ಲಿ ನಮ್ಮ ಸೇನೆಯ ಪಿಂಚಣಿ ಕಚೇರಿ ಇವೆ. ನನ್ನ ಜೊತೆ ಇದ್ದ ಒಬ್ಬ ಹವಾಲ್ದಾರ್ ಪಿಂಚಣಿಗೆ ಎರಡು ದಿನ ನಡೆದು ಬರ್ತಿದ್ದರು. ಅವರ ಅಜ್ಜ, ಅಪ್ಪ, ಅವರು, ಮೂರು ತಲೆಮಾರು. ಮಗನನ್ನು ಯಾವ ಸೈನ್ಯಕ್ಕೆ ಕಳಿಸ್ತೀರಿ ಅಂದೆ. "ಕತಾರ್‌ಗೆ ಹೋದ ಸಾಬ್" ಅಂದರು. ನನಗಂತೂ ಕಾಳಾಪಾನಿಗಿಂತ ಇದೇ ದೊಡ್ಡ ನಷ್ಟ ಅನಿಸುತ್ತೆ. ನಕ್ಷೆ ಜಗಳ ಹತ್ತು ವರ್ಷ ಬಿಟ್ಟಾದರೂ ಬಗೆಹರಿಸಬಹುದು. ಅಪ್ಪನಿಂದ ಮಗನಿಗೆ ಬರೋ ಪಾಠ ಒಂದು ಸಲ ತಪ್ಪಿದರೆ ಮತ್ತೆ ಹೇಗೆ ತರ್ತೀರಿ?

ಲೆಕ್ಕದ ಮೇಷ್ಟ್ರು

ಭಾವನೆ ಎಲ್ಲ ಆಯ್ತು, ಸ್ವಲ್ಪ ರೂಪಾಯಿ ಮಾತಾಡೋಣ. ನಮ್ಮ 100 ರೂಪಾಯಿಗೆ ಅವರ 160. 1993ರಿಂದ ಒಂದು ಪೈಸೆ ಅಲ್ಲಾಡಿಲ್ಲ. ಅಂದರೆ ನಮ್ಮ ರೂಪಾಯಿ ಬಿದ್ದರೆ ಅವರದ್ದೂ ತಾನಾಗೇ ಬೀಳುತ್ತೆ. ಅವರ ವ್ಯಾಪಾರದಲ್ಲಿ ಮೂರನೇ ಎರಡು ಭಾಗದಷ್ಟು ನಮ್ಮ ಜೊತೆಗೇ. 2016ರಲ್ಲಿ ನಾವು 500, 1000 ರದ್ದು ಮಾಡಿದಾಗ ಅಲ್ಲಿಯ ಜನರ ಟ್ರಂಕ್‌ನಲ್ಲಿ, ಅವರ ರಾಷ್ಟ್ರ ಬ್ಯಾಂಕಿನಲ್ಲಿ ಇದ್ದ ನಮ್ಮ ನೋಟುಗಳು ಹಾಗೇ ಉಳಿದವು. ಬದಲಾಯಿಸಿಕೊಡಿ ಅಂತ ಎಷ್ಟೋ ಸಲ ಕೇಳಿದರು. ಇಲ್ಲಿ ಕೆಲಸ ಮಾಡಿ ಉಳಿಸಿಕೊಂಡು ಹೋದ ದುಡ್ಡು ಅದು. ಇಂಥ ಸಣ್ಣ ವಿಷಯ ನಮ್ಮ ಪೇಪರ್‌ನಲ್ಲಿ ಬರಲ್ಲ, ಅವರ ಊರಿನ ಟೀ ಅಂಗಡಿಯಲ್ಲಿ ಬರುತ್ತೆ.

ಖಾರಾಮಂಡಕ್ಕಿ

ಮೇಷ್ಟ್ರೇ, ಅದಕ್ಕೇ ನಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್ ಬಹಾದುರ್ ಸಂಬಳ ಯಾವಾಗಲೂ ನೂರರ ನೋಟಲ್ಲೇ ಕೊಡಿ ಅಂತಿದ್ದ!

ಲೆಕ್ಕದ ಮೇಷ್ಟ್ರು

ಹೌದು. 2018ರಲ್ಲಿ ಅವರೇ ನಮ್ಮ 200, 500, 2000ದ ನೋಟು ಬೇಡ ಅಂದುಬಿಟ್ಟರು. ಅಂದಹಾಗೆ ಅವನ ಹೆಸರು ನಿಜವಾಗಲೂ ಬಹಾದುರ್ರಾ, ಇಲ್ಲ ನೀವೇ ಇಟ್ಟಿದ್ದಾ?

ಖಾರಾಮಂಡಕ್ಕಿ

...ಕೇಳಿಲ್ಲ. ಎಲ್ಲರೂ ಹಾಗೇ ಕರೀತಾರೆ.

ಕಠ್ಮಂಡು ಅಕ್ಕ

ಮೇಷ್ಟ್ರು ಒಂದೇ ಸಾಲಲ್ಲಿ ಹೊಡೆದರು. ಅಲ್ಲಿ ನನಗೆ ಹತ್ತು ಜನ ಇದನ್ನೇ ಹೇಳಿದ್ದಾರೆ. "ನಿಮ್ಮ ಊರಲ್ಲಿ ನಮ್ಮ ಹೆಸರು ಯಾರೂ ಕೇಳಲ್ಲ ದೀದಿ."

ಕೃಷ್ಣಾತೀರ

ನಾನು ಬಾಗಲಕೋಟೆ ಕಡೆಯವ ರೀ, ಅಣೆಕಟ್ಟು ಅಂದರೆ ಮುಳುಗಡೆ ನೆನಪಾಗುತ್ತೆ. ಅದಕ್ಕೇ ನೇಪಾಳದಿಂದ ಬಿಹಾರಕ್ಕೆ ಹರಿಯೋ ಕೋಸಿ ನದಿ ವಿಷಯ ಓದ್ತಾ ಇರ್ತೀನಿ. 1954ರಲ್ಲಿ ಒಪ್ಪಂದ ಆಯ್ತು. ಬ್ಯಾರೇಜ್ ಇರೋದು ನೇಪಾಳದ ನೆಲದ ಮೇಲೆ. 56 ಗೇಟು. ಗೇಟು ಎತ್ತೋರು, ಇಳಿಸೋರು ಬಿಹಾರ ಸರ್ಕಾರದವರು. 1966ರಲ್ಲಿ ತಿದ್ದುಪಡಿ ಮಾಡಿ ಆ ಜಾಗ 199 ವರ್ಷಕ್ಕೆ ಲೀಸ್ ಬರೆಸಿಕೊಂಡರು. 199! ನಮ್ಮೂರಲ್ಲಿ ಹೊಲ ಮೂರು ವರ್ಷಕ್ಕೆ ಲಾವಣಿ ಕೊಡೋಕೆ ಹತ್ತು ಸಲ ಯೋಚನೆ ಮಾಡ್ತಾರೆ.

ಮಳೆಗಾಲದಲ್ಲಿ ನೀರು ತುಂಬಿದರೆ ಗೇಟು ತೆಗೀಲಿಲ್ಲ ಅಂತ ಅವರು ಬೈತಾರೆ, ನೀರು ಬಿಟ್ಟರು ಅಂತ ಬಿಹಾರದವರು ಅವರನ್ನ ಬೈತಾರೆ. 2008ರ ಆಗಸ್ಟ್ 18ಕ್ಕೆ ಕುಸಹಾ ಹತ್ತಿರ ಒಡ್ಡು ಒಡೀತು. ಅದು ಬ್ಯಾರೇಜಿನ ಮೇಲ್ಗಡೆ, ನೇಪಾಳದೊಳಗೆ. ಅವತ್ತು ನೀರೇನು ಭಾರಿ ಇರಲಿಲ್ಲ, ಒಡ್ಡು ನೋಡಿಕೊಳ್ಳೋರು ಇರಲಿಲ್ಲ. ನದಿ ತನ್ನ ಹಳೇ ದಾರಿ ಹಿಡಿದು ಬಿಹಾರದಲ್ಲಿ 30 ಲಕ್ಷಕ್ಕೂ ಹೆಚ್ಚು ಜನರನ್ನು ಎಬ್ಬಿಸಿತು. ಒಡ್ಡಿನ ರಿಪೇರಿ ಬಿಹಾರದ ಹೊಣೆ, ನೆಲ ನೇಪಾಳದ್ದು. ಅವರು ಕೆಲಸಕ್ಕೆ ಬಿಡಲಿಲ್ಲ ಅಂತ ಇವರು, ಇವರು ಬರಲೇ ಇಲ್ಲ ಅಂತ ಅವರು. ಇಬ್ಬರ ಮನೆಯೂ ಮುಳುಗಿತು.

ಮಂಡ್ಯ ಮಂಜ

ಕೇಳ್ತಾ ಕೇಳ್ತಾ ಕಾವೇರಿ ನೆನಪಾಯ್ತು ಸ್ವಾಮಿ. ಇದೊಂದರಲ್ಲಿ ನಾನು ನೇಪಾಳದ ಕಡೆ.

ಸುಮ್ನೆ ಒಬ್ಬ

ಬೆಳಗ್ಗೆ ಚೀನಾ ದುಡ್ಡು, ಸಂಜೆ ನೇಪಾಳದ ಕಡೆ. ಮಂಜಣ್ಣನಿಗೆ ಒಂದು ಗೌರವ ಜನರಲ್ ಪದವಿ ಕೊಡಿ.

ರಕ್ಸೌಲ್ ರಿಟರ್ನ್

ಚೀನಾ ವಿಷಯ ಪೂರ್ತಿ ಸುಳ್ಳೂ ಅಲ್ಲ. ನಾಕಾಬಂದಿ ಮುಗಿದ ಮರುತಿಂಗಳೇ, 2016ರ ಮಾರ್ಚ್‌ನಲ್ಲಿ, ಅವರ ಆಗಿನ ಪ್ರಧಾನಿ ಓಲಿ ಬೀಜಿಂಗ್‌ಗೆ ಹೋಗಿ ಸಾಗಣೆ ಒಪ್ಪಂದ ಮಾಡಿದರು. 2018ರಲ್ಲಿ ಚೀನಾ ನಾಲ್ಕು ಬಂದರು ಬಳಸಿ ಅಂತು. ಆದರೆ ಸಾಗಣೆ ಮಾಡಿದವನಾಗಿ ಹೇಳ್ತೀನಿ, ಟಿಯಾನ್‌ಜಿನ್ ಬಂದರು ಮೂರು ಸಾವಿರ ಕಿಲೋಮೀಟರ್‌ಗಿಂತ ದೂರ, ನಡುವೆ ಟಿಬೆಟ್. ಕೋಲ್ಕತ್ತಾ ಅದರ ಕಾಲು ಭಾಗವೂ ಇಲ್ಲ. ಹಾಗಾಗಿ ಚೀನಾ ದಾರಿ ಅವರಿಗೆ ಸರಕು ತರೋಕಲ್ಲ, ದೆಹಲಿ ಜೊತೆ ಮಾತಾಡುವಾಗ ಮೇಜಿನ ಮೇಲೆ ಇಡೋಕೆ.

ಅದು ಕೆಲಸವೂ ಮಾಡಿತು. 2019ರಲ್ಲಿ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮಲೇಖ್‌ಗಂಜ್‌ಗೆ 69 ಕಿಲೋಮೀಟರ್ ಇಂಧನದ ಪೈಪ್‌ಲೈನ್ ಹಾಕಿದೆವು. ನಮ್ಮ ಟ್ಯಾಂಕರ್‌ಗಳ ಹೊಟ್ಟೆಗೆ ಹೊಡೀತು, ಅದು ಬೇರೆ ಮಾತು.

ಲೆಕ್ಕದ ಮೇಷ್ಟ್ರು

ಕರೆಂಟೂ ಸೇರಿಸಿ. ಆಗ ಅಕ್ಕನ ಇಂಡಕ್ಷನ್ ಒಲೆಗೆ ಕರೆಂಟ್ ಇರಲಿಲ್ಲ. ಈಗ ಮಳೆಗಾಲದಲ್ಲಿ ಅವರು ನಮಗೆ ಮಾರ್ತಾರೆ, ಚಳಿಗಾಲದಲ್ಲಿ ನಮ್ಮಿಂದ ಕೊಳ್ತಾರೆ. ಹತ್ತು ವರ್ಷದಲ್ಲಿ 10,000 ಮೆಗಾವಾಟ್ ತಗೋತೀವಿ ಅಂತ 2024ರ ಜನವರಿಯಲ್ಲಿ ಒಪ್ಪಂದ ಆಗಿದೆ. ಚೀನಾದವರ ಕೈ ಇರೋ ಯೋಜನೆಯ ಕರೆಂಟ್ ಮಾತ್ರ ನಾವು ಮುಟ್ಟಲ್ಲ. ಅದಕ್ಕೂ ಅಲ್ಲಿ ಗೊಣಗಾಟ ಇದೆ.

ಕಠ್ಮಂಡು ಅಕ್ಕ

ಒಂದು ಮಾತು. ಸಿಟ್ಟು ಅಂತ ನಾವು ಇಷ್ಟು ಹೊತ್ತು ಹೇಳ್ತಿರೋದು ದೆಹಲಿ ಮೇಲಿನ ಸಿಟ್ಟು. ಮನುಷ್ಯರ ಮೇಲಲ್ಲ. ರೋಟಿ ಬೇಟಿ ಸಂಬಂಧ ಅಂತ ಅವರೇ ಹೇಳ್ತಾರೆ. ತರಾಯಿಯಲ್ಲಿ ಬಿಹಾರದ ಸೊಸೆಯಂದಿರು ಮನೆಮನೆಗೂ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಹುಡುಗರು ಎದ್ದು ಓಲಿ ಸರ್ಕಾರ ಬಿದ್ದ ಮೇಲೆ ಪ್ರಧಾನಿಯಾದ ಸುಶೀಲಾ ಕಾರ್ಕಿ ಓದಿದ್ದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ. ಹಾಗಂತ ಅವರು "ನಮ್ಮವರು" ಅಂತ ಇಲ್ಲಿಯ ಚಾನೆಲ್‌ಗಳು ಕುಣಿದಾಗ ನನ್ನ ಅಲ್ಲಿಯ ಗೆಳತಿ ಫೋನ್ ಮಾಡಿ, "ಮತ್ತೆ ಶುರು ಮಾಡಿದಿರಾ?" ಅಂದಳು.

ಕುಂದಾಪ್ರ ಮಾಣಿ

ಅವರ ಗಡಿಯಾರ ನಮಗಿಂತ ಕಾಲು ಗಂಟೆ ಮುಂದೆ ಉಂಟಲ್ಲ, ಅದೂ ಇದಕ್ಕೇಯಾ? ನಾವು ಬೇರೆ ಅಂತ ತೋರಿಸಲಿಕ್ಕೆ?

ಇತಿಹಾಸದ ಹುಳ

1986ರಲ್ಲಿ ಮಾಡಿದ್ದು. ಗೌರೀಶಂಕರ ಶಿಖರದ ಲೆಕ್ಕ ಹಿಡಿದಿದ್ದಾರೆ. ನೀವು ಹೇಳಿದ ಕಾರಣವೂ ಇರಬಹುದು ಅಂತ ಅಲ್ಲಿಯವರೇ ನಗ್ತಾರೆ.

ಖಾರಾಮಂಡಕ್ಕಿ

ಈಗಷ್ಟೇ ಕೆಳಗೆ ಹೋಗಿ ಕೇಳಿ ಬಂದೆ. ಬಹಾದುರ್ ಅಲ್ಲ. ಟೇಕ್ ರಾಜ್. ಊರು ಅಛಾಮ್. ಹನ್ನೊಂದು ವರ್ಷದಿಂದ ನಮ್ಮ ಗೇಟಲ್ಲಿದ್ದಾನೆ. "ಯಾಕೆ ಸಾರ್, ಪೊಲೀಸ್ ವೆರಿಫಿಕೇಶನ್ನಾ?" ಅಂತ ಗಾಬರಿಯಾದ.

ಬಸವನಗುಡಿ ಬೆಣ್ಣೆದೋಸೆ

😶

ಹೊಸಬ_ಹಾಸನ

ಎಲ್ಲ ಓದಿದೆ, ಚೆನ್ನಾಗಿದೆ. ಒಂದು ಡೌಟ್. ಮುಂದಿನ ತಿಂಗಳು ಬೆಂಗಳೂರಿಂದ ವಿಮಾನದಲ್ಲಿ ಕಠ್ಮಂಡುವಿಗೆ ಹೋಗ್ತಿದ್ದೇವೆ. ಆಧಾರ್ ಕಾರ್ಡ್ ಸಾಕಲ್ವಾ?

ಕಠ್ಮಂಡು ಅಕ್ಕ

ಅದನ್ನೇ ನಂಬ್ಕೊಂಡು ಏರ್‌ಪೋರ್ಟಿಗೆ ಹೋಗ್ಬೇಡಿ. ಪಾಸ್‌ಪೋರ್ಟ್ ಇಲ್ಲದಿದ್ರೆ ವೋಟರ್ ಐಡಿ ತಗೊಳ್ಳಿ, ಜೆರಾಕ್ಸ್ ಅಲ್ಲ, ಒರಿಜಿನಲ್. ನೂರರ ನೋಟೂ ಒಂದು ಕಟ್ಟು ಇಟ್ಕೊಳ್ಳಿ.